ಅಕ್ಕೋರ್ನ ಒಂದ್ ಮಾತು ಕೇಳೀರೇನು?

ಮೀಟಿಂಗ್ ಇದ್ದ ದಿನ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಬಸ್‌ಸ್ಟ್ಯಾಂಡುಗಳಲ್ಲಿ ಅಂಗನವಾಡಿ ಅಕ್ಕೋರನ್ನು ಗುರುತಿಸುವುದು ಕಷ್ಟವಲ್ಲ. ಹೆಗಲಿಗೆ ರಿಜಿಸ್ಟರ್ ತುಂಬಿದ ಚೀಲ, ಕೈಯಲ್ಲಿ ಮೊಬೈಲು, ಊರ ಬಸ್ಸಿನ ದಾರಿ ಕಾಯುವ ಕಣ್ಣು. ಸಭೆಯಲ್ಲಿ ಆಡದೇ ಉಳಿದ ಮಾತುಗಳೆಲ್ಲ ಇಲ್ಲಿ ಹೊರಬೀಳುತ್ತವೆ: ತಾಂಡಾದಲ್ಲಿ ನೆಟ್‌ವರ್ಕ್ ಸಿಗದ್ದು, ಮೊಟ್ಟೆಯ ದರ ಏರಿದ್ದು, ಊರಲ್ಲಿ ಕಾನ್ವೆಂಟಿನ ವ್ಯಾನು ಬರತೊಡಗಿದ ಮೇಲೆ ಮಕ್ಕಳು ಕಡಿಮೆಯಾದದ್ದು. ಹೊಸ ಯೋಜನೆಯೊಂದು ನೆಲದ ಮೇಲೆ ನಡೆಯುತ್ತದೋ ಇಲ್ಲವೋ ಎಂದು ತಿಳಿಯಬೇಕಾದವರು ಆ ಕಲ್ಲುಬೆಂಚಿನ ಮೇಲೆ ಅರ್ಧ ತಾಸು ಕೂತರೆ ಸಾಕು.

ಕರ್ನಾಟಕದಲ್ಲಿ ಈ ಕೆಲಸ ಶುರುವಾದದ್ದು 1975ರಲ್ಲಿ, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ. ಆ ವರ್ಷದ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಅದೂ ಒಂದು. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂದು ಆರು ಸೇವೆಗಳನ್ನು ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಹೆಗಲಿಗೆ ಹಾಕಲಾಯಿತು. ಇಂದು ರಾಜ್ಯದಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆ ಆರು ಸೇವೆಗಳ ಮೇಲೆ ಸಮೀಕ್ಷೆ, ಚುನಾವಣೆಯ ಕೆಲಸ, ಹೊಸ ಹೊಸ ಆ್ಯಪ್‌ಗಳು ಬಂದು ಕೂತಿವೆ. ಬಹುತೇಕ ಎಲ್ಲವೂ ಬಂದದ್ದು ಸುತ್ತೋಲೆಯಾಗಿ. ಈಚೆಗೆ ವಾಟ್ಸ್‌ಆ್ಯಪ್ ಸಂದೇಶವಾಗಿ.

ಮಾತೃಪೂರ್ಣದ ಕತೆಯನ್ನೇ ನೋಡಬಹುದು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಈ ಯೋಜನೆಯ ಉದ್ದೇಶದಲ್ಲಿ ಹುಳುಕಿರಲಿಲ್ಲ. ಮನೆಗೆ ಕೊಟ್ಟ ರೇಷನ್ ಗರ್ಭಿಣಿಯೊಬ್ಬಳ ಹೊಟ್ಟೆಗೆ ಹೋಗದೆ ಇಡೀ ಕುಟುಂಬದಲ್ಲಿ ಹಂಚಿಹೋಗುತ್ತದೆ; ಆದ್ದರಿಂದ ಗರ್ಭಿಣಿ ಮತ್ತು ಬಾಣಂತಿಯರು ತಿಂಗಳಿಗೆ 25 ದಿನ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಲಿ ಎಂಬುದು ಲೆಕ್ಕ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಜಮಖಂಡಿ, ಮಾನ್ವಿ ಸೇರಿ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗವೂ ನಡೆದಿತ್ತು.

ಆದರೆ ಗದಗ ಸೀಮೆಯ ಯಾವ ಅಕ್ಕೋರನ್ನು ಕೇಳಿದ್ದರೂ ಅವರು ಮೊದಲು ಹೇಳುತ್ತಿದ್ದದ್ದು ಬಾಣಂತಿತನದ ಮಾತು. ಹಸಿ ಬಾಣಂತಿ ಇಲ್ಲಿ ಹೊಸ್ತಿಲು ದಾಟುವುದಿಲ್ಲ. ಗಾಳಿ ತಾಗೀತೆಂದು ಕಿವಿಗೆ ಬಟ್ಟೆ ಕಟ್ಟಿ ಒಳಗೇ ಇರಿಸುವ ಮನೆಗಳು ಈಗಲೂ ಇವೆ. ಆರು ತಿಂಗಳ ಬಸುರಿ ಸುಗ್ಗಿಯಲ್ಲಿ ಹೊಲಕ್ಕೆ ಹೋದರೆ ಬುತ್ತಿ ಬಿಚ್ಚುವುದು ಬದುವಿನ ಮೇಲೆ. ಮಧ್ಯಾಹ್ನದ ಬಿಸಿಲಲ್ಲಿ ಎರಡು ಮೈಲಿ ನಡೆದು ಊಟಕ್ಕೆ ಬರುವುದಿಲ್ಲ. ಜೋಳದ ರೊಟ್ಟಿಗೆ ಒಗ್ಗಿದ ಬಾಯಿಗೆ ದಿನಾ ಅನ್ನ ಹಿಡಿಸುವುದೂ ಇಲ್ಲ. ಅಡುಗೆ ಮಾಡಿ ಕಾಯುವ ಸಹಾಯಕಿಗೆ ಮಾತ್ರ ಕೆಲಸ ಇಮ್ಮಡಿಯಾಗುತ್ತದೆ, ಮಕ್ಕಳಿಗೆ ಹಾಡು ಹೇಳಿಕೊಡುವ ಹೊತ್ತು ಒಲೆಯ ಪಾಲಾಗುತ್ತದೆ. ಇಂಥವೇ ಅಡಚಣೆಗಳು ರಾಜ್ಯದ ಹಲವೆಡೆಯಿಂದ ವರದಿಯಾದವು. ಊಟವನ್ನು ಮನೆಗೇ ಮುಟ್ಟಿಸಿ ಎಂಬ ಬೇಡಿಕೆ ಎದ್ದಿತು. ಮನೆಗೆ ಆಹಾರಧಾನ್ಯ ಕೊಡುವ ಪದ್ಧತಿ ಮರಳಿದ್ದು 2020ರಲ್ಲಿ ಕೋವಿಡ್ ಬಂದ ಮೇಲೆ. ಉಣ್ಣಿಸಬೇಕೆಂಬ ಕಾಳಜಿಯನ್ನು ಇಲ್ಲಿ ಯಾರೂ ದೂರಲಾರರು. ಬಡಿಸುವವಳನ್ನು ಮೊದಲೇ ಒಂದು ಮಾತು ಕೇಳಿದ್ದರೆ ತಾಂಡಾಕ್ಕೊಂದು, ಪೇಟೆಗೊಂದು, ಸುಗ್ಗಿಗೊಂದು ಕ್ರಮ ಇಡಬಹುದಿತ್ತು ಎಂಬುದಷ್ಟೇ ನೋವು.

ಆಮೇಲೆ ಮೊಬೈಲು ಬಂತು. 2021ರ ಮಾರ್ಚ್ 1ರಿಂದ ಪೋಷಣ್ ಟ್ರ್ಯಾಕರ್. ಮಗುವಿನ ತೂಕ, ಎತ್ತರ, ಹಾಜರಿ, ಊಟ ಎಲ್ಲ ಅದರೊಳಗೆ. 2025ರ ಜುಲೈಯಿಂದ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವಿಕೆ ಕಡ್ಡಾಯವಾಯಿತು. ನಕಲಿ ಹೆಸರು ತಡೆಯಲು ಇದು ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ನೋಂದಣಿಗೆ ಆಧಾರ್ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬೇಕು. ಶಿರಹಟ್ಟಿ, ಮುಂಡರಗಿಯ ತಾಂಡಾಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವುದು ಹೊಸದಲ್ಲ. ಬಸುರಿ ಹೆಂಡತಿ ಇಲ್ಲಿ, ನಂಬರಿನ ಫೋನು ಗಂಡನ ಜೇಬಿನಲ್ಲಿ ಅಲ್ಲಿ. ಕಟ್ಟಡದ ಸಾರವೆಯ ಮೇಲೆ ನಿಂತವನು ಫೋನು ಎತ್ತುವ ಹೊತ್ತಿಗೆ ಒಟಿಪಿಯ ಅವಧಿ ಮುಗಿದಿರುತ್ತದೆ. ರೇಷನ್ ಸಿಗದ ತಾಯಿ ಸಿಟ್ಟಾಗುವುದು ದೆಹಲಿಯ ಮೇಲಲ್ಲ, ಎದುರಿಗೆ ನಿಂತ ಅಕ್ಕೋರ ಮೇಲೆ. ಗುಳೆಯ ಸಂಗತಿ ಇಲ್ಲಿಯ ಪ್ರತಿ ಕಾರ್ಯಕರ್ತೆಗೂ ಗೊತ್ತು. ಆ್ಯಪ್ ರೂಪಿಸುವ ಮೇಜಿನ ಸುತ್ತ ಅಂಥ ಒಬ್ಬಳಾದರೂ ಕೂತಿರಬೇಕಿತ್ತು.

ಎಲ್ಲಕ್ಕಿಂತ ಆಳಕ್ಕೆ ತಾಗಿದ್ದು ಎಲ್‌ಕೆಜಿ-ಯುಕೆಜಿ ಪ್ರಶ್ನೆ. 2019ರಲ್ಲಿ ರಾಜ್ಯದ 276 ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿ ತೆರೆದಾಗ, ಮೂರರಿಂದ ಆರು ವರ್ಷದ ಮಕ್ಕಳು ಅತ್ತ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು ಎಂಬ ಭಯ ಎದ್ದಿತು. ಆ ಡಿಸೆಂಬರಿನಲ್ಲಿ ಕಾರ್ಯಕರ್ತೆಯರು ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆ ಜಾಥಾ ಹೊರಟರು. 2023ರ ಜನವರಿಯಲ್ಲಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲು ರಾತ್ರಿ ಕೂತರು. 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯುವ ಆದೇಶ ಬಂದಾಗ ಮತ್ತೆ ಬೀದಿಗಿಳಿದರು. ಗದಗ ಜಿಲ್ಲೆ ಆ ವ್ಯಾಪ್ತಿಗೆ ಸೇರಿಲ್ಲ, ನಿಜ. ಆದರೆ ಮುಂಡರಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳಿಗೆ ತುಂಗಭದ್ರೆಯ ಆಚೆ ದಡವೇ ಹೂವಿನಹಡಗಲಿ, ಮೂಡಲಿಗೆ ಕೊಪ್ಪಳ. ಆಚೆ ಆದದ್ದು ನಾಳೆ ಈಚೆ ಆಗದೇ ಇರದು ಎಂದು ಇಲ್ಲಿಯವರೂ ಲೆಕ್ಕ ಹಾಕಿದರು. ಆ ಹೋರಾಟದ ನಂತರವೇ ಮುಖ್ಯಮಂತ್ರಿಯ ಮಟ್ಟದಲ್ಲಿ ಮಾತುಕತೆ ನಡೆದು, ಅಂಗನವಾಡಿಗಳಲ್ಲೇ ತರಗತಿ ನಡೆಸುವ ಭರವಸೆ ಸಿಕ್ಕಿತು; ಜುಲೈನಲ್ಲಿ ಬೆಂಗಳೂರಿನ 250 ಕೇಂದ್ರಗಳು ಸರ್ಕಾರಿ ಮಾಂಟೆಸ್ಸರಿಗಳಾದವು. ಬೀದಿಯಲ್ಲಿ ಮಲಗಿದ ಮೇಲೆ ಸಿಗುವ ಮಾತುಕತೆಯನ್ನು ಆದೇಶಕ್ಕೆ ಮೊದಲೇ ಕೊಟ್ಟಿದ್ದರೆ, ರಾಜ್ಯದ ಎಷ್ಟು ಮಕ್ಕಳಿಗೆ ಅಷ್ಟು ದಿನ ಬಾಗಿಲು ಮುಚ್ಚದೇ ಇರುತ್ತಿತ್ತು!

ಇಲ್ಲಿ ಭಾಷೆಯ ಮಾತೊಂದನ್ನು ಆಡಲೇಬೇಕು. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಪಂಪ ತನ್ನ ಕಾವ್ಯದ ಕನ್ನಡವನ್ನು ಪುಲಿಗೆರೆಯ ತಿರುಳ್ಗನ್ನಡ ಎಂದು ಕರೆದುಕೊಂಡ. ಅದೇ ಊರಿನ ಸುತ್ತ ಲಂಬಾಣಿಯನ್ನೋ ಉರ್ದುವನ್ನೋ ಮನೆಯಲ್ಲಿ ಆಡಿ ಬರುವ ಮೂರು ವರ್ಷದ ಮಗು ಮೊದಲ ಕನ್ನಡ ಹಾಡನ್ನು ಕಲಿಯುವುದು ಅಂಗನವಾಡಿಯಲ್ಲಿ. ‘ಚಿಲಿಪಿಲಿ’ ಪುಸ್ತಕದ ಚಟುವಟಿಕೆಯನ್ನು ಆ ಮಗುವಿಗೆ ತಿಳಿಯುವ ಮಾತಿಗೆ ತಿರುಗಿಸುವ ಜಾಣ್ಮೆ ಅಕ್ಕೋರದ್ದು. ಪಠ್ಯ ಬದಲಾಯಿಸುವವರಿಗೆ ಇದಕ್ಕಿಂತ ಬೆಲೆಯುಳ್ಳ ಸಲಹೆ ಬೇರೆಲ್ಲೂ ಸಿಗಲಾರದು.

ಕೇಳುವ ಕಟ್ಟುಪಾಡು ಯಾಕಿಲ್ಲ? ಉತ್ತರ ‘ಗೌರವಧನ’ ಎಂಬ ಪದದಲ್ಲಿದೆ. ಕಾರ್ಖಾನೆಯ ಕಾರ್ಮಿಕರ ವೇತನ, ಪಾಳಿಯಂಥ ಸೇವಾ ಷರತ್ತು ಬದಲಿಸುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಹೇಳಿತ್ತು. 2020ರ ಹೊಸ ಸಂಹಿತೆಯಲ್ಲೂ ಅದರ ರೂಪವಿದೆ. ಅಂಗನವಾಡಿಯವರು ಮಾತ್ರ ಗೌರವ ಕಾರ್ಯಕರ್ತೆಯರು. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅವರದ್ದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರ ಏಪ್ರಿಲ್ 25ರಂದು, ಗುಜರಾತಿನ ಪ್ರಕರಣವೊಂದರಲ್ಲಿ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. ಹದಿನಾರು ವರ್ಷಗಳಲ್ಲಿ ಕಾನೂನು ಇಷ್ಟು ದೂರ ಬಂದಿದೆ. ಸಭೆಯ ಕೋಣೆ ಇನ್ನೂ ಬಂದಿಲ್ಲ.

ಬೇರೆ ದಾರಿ ಹಿಡಿದವರಿದ್ದಾರೆ. ನ್ಯೂಜಿಲೆಂಡ್ ಪುಟಾಣಿಗಳ ಪಠ್ಯಕ್ರಮ ರೂಪಿಸುವಾಗ 1993ರಲ್ಲಿ ಕರಡನ್ನು ಶಿಶುಕೇಂದ್ರಗಳಿಗೆ ಕಳಿಸಿ, ಶಿಕ್ಷಕಿಯರು ಬಳಸಿ ನೋಡಿ ಹೇಳಿದ್ದನ್ನು ಸೇರಿಸಿಕೊಂಡು 1996ರಲ್ಲಿ ಅಂತಿಮಗೊಳಿಸಿತು. ಮಾವೊರಿ ಸಮುದಾಯದವರ ಜೊತೆಗೂಡಿ ಕಟ್ಟಿದ ಅದರ ಹೆಸರು ‘ತೆ ಫಾರಿಕಿ’, ಅಂದರೆ ಹೆಣೆದ ಚಾಪೆ. ಮಗ್ಗದ ಊರಾದ ಬೆಟಗೇರಿಯವರಿಗೆ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ತನ್ನ ಬೇರನ್ನು ಅಲ್ಲಿ ಕಾಣುತ್ತದೆ. ಸದಸ್ಯರು ಕೂತು ಮಾತಾಡಿ ತೀರ್ಮಾನಿಸುವುದೇ ಸಂಘದ ಉಸಿರು. ಆ ಮಣ್ಣಿನಲ್ಲಿ ಕೇಳಿ ಮಾಡುವ ರೂಢಿಯನ್ನು ಹೊಸದಾಗಿ ಬಿತ್ತಬೇಕಿಲ್ಲ.

ಜಾಗಗಳೂ ಸಿದ್ಧವಿವೆ. ಕಾರ್ಯಕರ್ತೆಯರ ಸಭೆಗಳು ನಡೆಯುತ್ತಲೇ ಇವೆ, ಪ್ರತಿ ಅಂಗನವಾಡಿಗೂ ತಾಯಂದಿರಿರುವ ಬಾಲವಿಕಾಸ ಸಮಿತಿ ಇದೆ. ಈ ಸಮಿತಿಯ ಖಾತೆಯಿಂದ ಮೊಟ್ಟೆ ಕೊಳ್ಳುವ ಪದ್ಧತಿ ಇದ್ದಾಗ ಸರ್ಕಾರದ ದರಕ್ಕೂ ಸಂತೆಯ ದರಕ್ಕೂ ಇರುತ್ತಿದ್ದ ಅಂತರವನ್ನು ಎಷ್ಟೋ ಕಾರ್ಯಕರ್ತೆಯರು ಕೈಯಿಂದ ತುಂಬಿದರು. ತಮ್ಮ ಗೌರವಧನವೇ ತಡವಾಗಿ ಬರುವ ತಿಂಗಳಲ್ಲೂ ಮಕ್ಕಳ ತಟ್ಟೆಯ ಮೊಟ್ಟೆ ತಪ್ಪಬಾರದೆಂದು ಅಂಗಡಿಯಲ್ಲಿ ಉದ್ರಿ ಹೇಳಿದರು. ಸಂತೆಯ ದರ ವಾರವಾರ ಅವರಿಗೆ ಗೊತ್ತಿರುತ್ತಿತ್ತು. ಸಭೆಯಲ್ಲಿ ಅದನ್ನು ಕೇಳಿ ಬರೆದುಕೊಂಡು ಮೇಲಕ್ಕೆ ಕಳಿಸುವ ಸಾಲೊಂದು ಸಾಕಿತ್ತು.

ಮುಂದಿನ ಸಭೆಯಲ್ಲಿ ಮೊದಲ ಅರ್ಧ ತಾಸನ್ನು ಸೂಚನೆ ಓದುವುದಕ್ಕಲ್ಲದೆ ಕೇಳಿಸಿಕೊಳ್ಳುವುದಕ್ಕೆ ಇಟ್ಟರೆ ಏನೇನು ಹೊರಬಂದೀತು? ಯಾವ ಓಣಿಯ ಕೇಂದ್ರಕ್ಕೆ ನೀರಿಲ್ಲ, ಯಾವ ತಾಂಡಾ ದೀಪಾವಳಿ ಮುಗಿದ ಮೇಲೆ ಖಾಲಿಯಾಗುತ್ತದೆ, ಯುಕೆಜಿ ಕಲಿಸಲು ಎಷ್ಟು ದಿನದ ತರಬೇತಿ ಬೇಕು, ಆ ದಿನಗಳಲ್ಲಿ ಒಲೆ ನೋಡುವವರಾರು, ಯಾವ ತಾಯಿಯ ಒಟಿಪಿ ಗೋವಾದಲ್ಲಿದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿಗೆ ಇದೆಲ್ಲ ಎಂದೋ ಗೊತ್ತಿದೆ.