ಟರ್ಬೊ ಕೆಟ್ಟಿಲ್ಲ, ಗಾಳಿ ಸೋರುತ್ತಿದೆ!

ಅಡಿಕೆ ಮೂಟೆ ಹೇರಿಕೊಂಡು ತೋಟದ ಏರಿನಲ್ಲಿ ಏದುಸಿರು ಬಿಡುವ ಹಳೆಯ ಡೀಸೆಲ್ ಜೀಪಿಗೆ ಟರ್ಬೊ ಕೂರಿಸಬೇಕೆಂಬ ಹುಮ್ಮಸ್ಸು ನಮ್ಮ ಸದಸ್ಯರಲ್ಲಿ ಕೆಲವರಿಗಾದರೂ ಇದೆ. ಈ ಲೇಖಕನೂ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಟರ್ಬೊ ಕೊಂಡು ಮನೆಯಲ್ಲೇ ಜೋಡಿಸಿದವನು. ಒಂದು ವಾರ ಜೀಪು ಕುದುರೆಯಂತೆ ಓಡಿತು. ಆಮೇಲೆ ಕಪ್ಪು ಹೊಗೆ, ಶಿಳ್ಳೆ ಸದ್ದು, ಮೊದಲಿಗಿಂತಲೂ ಕಡಿಮೆ ಎಳೆತ. ಟರ್ಬೊ ಕೆಟ್ಟಿತೆಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ಕೊಳ್ಳಲು ಬೆಂಗಳೂರಿನ ಬಸ್ಸು ಹತ್ತಿದೆ.

ಹಣ ಉಳಿಸಿದವರು ಹಲಸೂರಿನ ಗಲ್ಲಿಯೊಂದರ ಹಿರಿಯ ಮೆಕ್ಯಾನಿಕ್ಕರು. ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ, "ಇದಕ್ಕೇನೂ ಆಗಿಲ್ಲ ಸಾರ್. ಪೈಪಿನಲ್ಲಿ ಎಲ್ಲೋ ಗಾಳಿ ಸೋರುತ್ತಿದೆ, ಹೋಗಿ ನೋಡಿ" ಎಂದರು.

ಎಂಜಿನ್ನಿನ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಟರ್ಬೊ ಎಂದರೆ ಇಷ್ಟೇ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಷಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹಲಸೂರಿಗೆ ದೂರವಲ್ಲದ ಎಚ್.ಎ.ಎಲ್. ಕಾರ್ಖಾನೆಯಲ್ಲಿ, ಯುದ್ಧಾನಂತರ ಬ್ರಿಟಿಷ್ ವಾಯುಪಡೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ವಿಮಾನಗಳನ್ನು 1948ರ ಸುಮಾರಿಗೆ ದುರಸ್ತಿ ಮಾಡಿ ವಾಯುಪಡೆಗೆ ಕೊಟ್ಟರು. ಅವುಗಳ ನಾಲ್ಕೂ ಎಂಜಿನ್ನುಗಳಿಗೆ ಟರ್ಬೊ ಇತ್ತು. 1968ರವರೆಗೂ ಅವು ಹಾರಿದವು.

ಒತ್ತಿದ ಗಾಳಿ ದಾರಿಯಲ್ಲೇ ಸೋರಿದರೆ ಡೀಸೆಲ್ ಮಾತ್ರ ಅಷ್ಟೇ ಬೀಳುತ್ತದೆ, ಉರಿಯಲು ಗಾಳಿ ಸಾಲದು. ಕಪ್ಪು ಹೊಗೆಯ ಮೂಲ ಅದು. ಮೈಲುತುತ್ತು ಹೊಡೆಯುವಾಗ ಗೊನೆಗೆ ದ್ರಾವಣ ತಲುಪದಿದ್ದರೆ ನಾವು ಮೊದಲು ಪೈಪು ನೋಡುತ್ತೇವೆಯೇ ಹೊರತು ಹೊಸ ಪಂಪು ತರಲು ಓಡುವುದಿಲ್ಲ. ಜೀಪಿನ ವಿಷಯದಲ್ಲಿ ಆ ಬುದ್ಧಿ ಏಕೆ ಬರಲಿಲ್ಲವೋ!

ಪರೀಕ್ಷೆಗೆ ಬೇಕಾದದ್ದು ತೋಟದಲ್ಲೇ ಸಿಗುತ್ತದೆ. ನೀರಾವರಿಯ ಪಿ.ವಿ.ಸಿ. ಪೈಪಿನ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬಿನ ವಾಲ್ವ್ ಕೂರಿಸಿ. ಎಂಜಿನ್ ಆರಿಸಿ, ತಣಿದ ಮೇಲೆ, ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಹೋಸನ್ನು ಫಿಲ್ಟರಿನ ಕಡೆ ಬಿಚ್ಚಿ, ಆ ಬಾಯಿಗೆ ಈ ಮುಚ್ಚಳವನ್ನು ಕ್ಲಿಪ್ಪಿನಿಂದ ಬಿಗಿಯಿರಿ. ಎಂಜಿನ್ನಿನ ಉಸಿರು ಪೈಪು ಆ ಹೋಸಿಗೆ ಸೇರಿದ್ದರೆ ಅದನ್ನು ಬಿಚ್ಚಿ, ಹೋಸಿನ ಆ ತೂತನ್ನೂ ಮುಚ್ಚಿ. ಎಣ್ಣೆ ಹಾಕುವ ಬಾಯಿಯನ್ನು ತೆರೆದಿಡಿ. ಇಲ್ಲವಾದರೆ ಸೀಲುಗಳು ಹೊರಬರಬಹುದು. ಬಳಿಕ ನಿಧಾನವಾಗಿ ಗಾಳಿ ತುಂಬಿ. ಅರ್ಧ ಕಿಲೋ ಒತ್ತಡ ಸಾಕು. ಮುಚ್ಚಳ ಹಾರಿದರೆ ಮುಖಕ್ಕೆ ಬಡಿಯುತ್ತದೆ, ಎದುರಿಗೆ ನಿಲ್ಲಬೇಡಿ. ಸೋಪಿನ ನೀರನ್ನು ಬ್ರಷ್ಷಿನಿಂದ ಎಲ್ಲ ಜೋಡಣೆಗಳಿಗೂ ಬಳಿಯಿರಿ, ಹೋಸಿನ ಅಡಿಭಾಗಕ್ಕೂ. ಎಣ್ಣೆ ಬಾಯಿಯಿಂದ ಸ್ವಲ್ಪ ಗಾಳಿ ಬಂದರೆ ಗಾಬರಿ ಬೇಡ, ಪಿಸ್ಟನ್ ರಿಂಗು ದಾಟಿ ಬರುವುದು ಅದು.

ನನ್ನದರಲ್ಲಿ ಎರಡು ಕಡೆ ಗುಳ್ಳೆ ಎದ್ದವು. ಎಣ್ಣೆ ತಾಗಿ ಮೆತ್ತಗಾದ ರಬ್ಬರ್ ಹೋಸು ಅಡಿಯಲ್ಲಿ ಸೀಳಿತ್ತು. ಇನ್ನೊಂದು ನನ್ನದೇ ತಪ್ಪು: ಊರಿನಲ್ಲಿ ಮಾಡಿಸಿದ ಕಬ್ಬಿಣದ ಪೈಪಿನ ತುದಿ ನುಣುಪಾಗಿದ್ದು, ಒತ್ತಡಕ್ಕೆ ಹೋಸು ಜಾರುತ್ತಿತ್ತು. ತುದಿಯ ಸುತ್ತ ವೆಲ್ಡಿಂಗಿನಿಂದ ಸಣ್ಣ ಉಬ್ಬು ಮಾಡಿಸಿದ ಮೇಲೆ ಕದಲಿಲ್ಲ. ಹೊಗೆಯ ಕಡೆಯ ಸೋರಿಕೆಗೆ ಸೋಪು ಬೇಡ. ಮ್ಯಾನಿಫೋಲ್ಡ್ ಮತ್ತು ಟರ್ಬೊ ನಡುವಿನ ಗ್ಯಾಸ್ಕೆಟ್ ಸುತ್ತ ಮಸಿ ಹಿಡಿದಿರುತ್ತದೆ.

ಸೋರಿಕೆ ನಿಂತ ಮೇಲಷ್ಟೇ ಡೀಸೆಲ್ ಪಂಪಿನ ಸ್ಕ್ರೂಗೆ ಕೈ ಹಾಕಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಅದೇ ಹೊರೆಯಲ್ಲಿ ಅದೇ ಏರು ಹತ್ತಿಸಿ ನೋಡಿ. ಹೊಗೆ ಕಪ್ಪಾದರೆ ಹಿಂದಕ್ಕೆ ತಿರುಗಿಸಿ. ಟರ್ಬೊಗೆ ಮೊದಲು ಉಷ್ಣಮಾಪಕ ಹಾಕಿಸಿದರೆ ಒಳ್ಳೆಯದು. ಹೊಗೆಯ ಶಾಖ 700 ಡಿಗ್ರಿ ಸೆಂಟಿಗ್ರೇಡ್ ಮೀರದಿರಲಿ. ಪೆಟ್ರೋಲ್ ಕಾರಿಗೆ ಈ ಸಾಹಸ ಬೇಡವೆಂದೇ ನನ್ನ ಅಭಿಪ್ರಾಯ. ಒತ್ತಡ ಹೆಚ್ಚಿ ಎಂಜಿನ್ ಬಡಿಯತೊಡಗಿದರೆ ಪಿಸ್ಟನ್ ತೂತಾಗಲು ಹೆಚ್ಚು ಹೊತ್ತು ಬೇಡ.

ನನ್ನ ಜೀಪು ತೋಟದ ಗೇಟು ದಾಟುವುದಿಲ್ಲ. ರಸ್ತೆಗಿಳಿಯುವ ಗಾಡಿಯಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಗುಜರಿಯಲ್ಲಿ ಕೊಳ್ಳುವವರು ಚಕ್ರದ ರೆಕ್ಕೆಗಳಲ್ಲಿ ಉಜ್ಜಿದ ಗುರುತಿದೆಯೇ ನೋಡಬೇಕು. ಅಚ್ಚು ಪಕ್ಕಕ್ಕೆ ತುಸು ಅಲುಗಿದರೆ ದೋಷವಲ್ಲ. ಹಿಂದೆ ಮುಂದೆ ಆಡಿದರೆ ಬೇಡ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಅಚ್ಚು ಅದು, ಎಣ್ಣೆಯ ಮೇಲೆಯೇ ತೇಲುತ್ತದೆ. ಏರು ಹತ್ತಿ ಬಂದ ತಕ್ಷಣ ಎಂಜಿನ್ ಆರಿಸದೆ, ಒಂದೆರಡು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಕೀಲಿ ತಿರುಗಿಸಿ.