ನೆಲದ ಕ್ರಯವೂ ನೆಲದ ದುಡಿಮೆಯೂ

ವಿಜಯನಗರದ ಆದಿಕಾಲದಲ್ಲಿ ಹರಿಹರರಾಯನು ಕರಾವಳಿಯ ಕನ್ನಡ ಸೀಮೆಗೆ ಕಂದಾಯವನ್ನು ಗೊತ್ತುಪಡಿಸಿದ ಕ್ರಮವಿದು ಎಂದು ಹತ್ತೊಂಬತ್ತನೆಯ ಶತಮಾನದ ಆರಂಭದ ಆಂಗ್ಲ ಅಧಿಕಾರಿಗಳು ಬರೆದಿಟ್ಟ ಒಂದು ಲೆಕ್ಕವುಂಟು. ಎರಡೂವರೆ ಅಳತೆ ಬೀಜವನ್ನು ಬಿತ್ತಿದ ನೆಲದಲ್ಲಿ ಮೂವತ್ತು ಅಳತೆ ಬತ್ತ ಬೆಳೆಯುವುದೆಂದು ಇಟ್ಟುಕೊಂಡು, ಅದರಲ್ಲಿ ಹದಿನೈದನ್ನು ಉಳುವವನಿಗೂ, ಏಳೂವರೆಯನ್ನು ನೆಲದ ಒಡೆಯನಿಗೂ, ಐದನ್ನು ಅರಮನೆಗೂ, ಒಂದೂವರೆಯನ್ನು ಬ್ರಾಹ್ಮಣರಿಗೂ, ಒಂದನ್ನು ದೇವರಿಗೂ ವಿಭಾಗಿಸುವ ಆ ಏರ್ಪಾಡನ್ನು ಪರಂಪರೆಯು ವಿದ್ಯಾರಣ್ಯರ ಹೆಸರಿನೊಡನೆ ಜೋಡಿಸುತ್ತದೆ. ಹಂಚಿಕೆಯು ನ್ಯಾಯವಾಗಿತ್ತೆಂದು ನಾನು ಹೇಳಲಾರೆ. ಬೆವರು ಸುರಿಸದವರ ಪಾಲೇ ಅರ್ಧದಷ್ಟಿದ್ದ ಲೆಕ್ಕವದು. ಆದರೆ ಅದರಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಉಳುವವನಾಗಲಿ, ಒಡೆಯನಾಗಲಿ, ಅರಸನಾಗಲಿ, ಎಲ್ಲರೂ ಒಂದೇ ಕಣದ ಒಂದೇ ರಾಶಿಯ ಮುಂದೆ ನಿಂತು ತಮ್ಮ ಪಾಲನ್ನು ಪಡೆಯಬೇಕಾಗಿತ್ತು. ರಾಶಿಗಿಂತ ದೊಡ್ಡದಾದ ಪಾಲು ಯಾರಿಗೂ ಸಾಧ್ಯವಿರಲಿಲ್ಲ.

ಆ ಸಂಬಂಧ ಈಗ ಕಡಿದುಹೋಗಿದೆ. ಹಳೆಯ ಮೈಸೂರು ಸೀಮೆಯಲ್ಲಿ ಮಳೆಯನ್ನೇ ನಂಬಿದ ಒಂದು ಎಕರೆ ಕೆಂಪು ನೆಲವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಕಾಲಕ್ಕೆ ಮಳೆಯಾಯಿತು, ಹಂದಿಯ ಕಾಟವೂ ಇರಲಿಲ್ಲ, ಎಂಟು ಕ್ವಿಂಟಲ್ ರಾಗಿ ಕಣಕ್ಕೆ ಬಂದಿತು. 2025-26ನೆಯ ಸಾಲಿಗೆ ಕೇಂದ್ರ ಸರ್ಕಾರವು ರಾಗಿಗೆ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ; ಆ ಬೆಲೆಯೇ ಪೂರ್ತಿಯಾಗಿ ದೊರೆತರೂ ಒಟ್ಟು ಹುಟ್ಟುವಳಿ 39,088 ರೂಪಾಯಿ. ಬೆಂಬಲ ಬೆಲೆಯು ಬೇಸಾಯದ ಖರ್ಚಿನ ಒಂದೂವರೆಯಷ್ಟಾದರೂ ಇರಬೇಕೆಂಬುದು ಸರ್ಕಾರವು ಒಪ್ಪಿಕೊಂಡಿರುವ ನೀತಿಯಾದುದರಿಂದ, ಆ ಬೆಲೆಯಿಂದಲೇ ಹಿಂದಕ್ಕೆ ಎಣಿಸಿದರೆ ಕ್ವಿಂಟಲಿಗೆ ಖರ್ಚು ಸುಮಾರು 3,257 ರೂಪಾಯಿ ಆಗುತ್ತದೆ. ಇದರಲ್ಲಿ ಬೀಜ, ಗೊಬ್ಬರ, ಉಳುಮೆ, ಕೂಲಿಗಳ ಜೊತೆಗೆ ಮನೆಮಂದಿಯ ಮೈದುಡಿಮೆಯ ಬೆಲೆಯೂ ಸೇರಿದೆ. ಇಷ್ಟನ್ನು ಕಳೆದರೆ ಆ ಎಕರೆಯು ನೆಲವೆಂಬ ಕಾರಣಕ್ಕಾಗಿಯೇ ಗಳಿಸಿಕೊಟ್ಟದ್ದು ವರ್ಷಕ್ಕೆ ಸುಮಾರು 13,000 ರೂಪಾಯಿ. ನೂರಕ್ಕೆ ಆರರ ಬಡ್ಡಿ ಕೊಡುವ ಠೇವಣಿಯಲ್ಲಿ ಇಷ್ಟನ್ನು ಪಡೆಯಲು ಎರಡು ಲಕ್ಷದ ಹದಿನೇಳು ಸಾವಿರ ರೂಪಾಯಿ ಇಟ್ಟರೆ ಸಾಕು. ರಾಗಿಯನ್ನೇ ಪ್ರಮಾಣವಾಗಿ ಹಿಡಿದರೆ ಆ ನೆಲದ ಯುಕ್ತವಾದ ಕ್ರಯ ಅಷ್ಟೇ.

ಆದರೆ ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿರುವ ಹಳ್ಳಿಯಲ್ಲಿ ಅಂಥ ಎಕರೆಗೆ ಇಪ್ಪತ್ತೈದು ಲಕ್ಷ ಹೇಳಿದರೆ ಇಂದು ಯಾರೂ ಬೆರಗಾಗುವುದಿಲ್ಲ. ಆ ಮೊತ್ತದ ಮೇಲೆ ರಾಗಿಯು ತರುವ ಪ್ರತಿಫಲ ನೂರಕ್ಕೆ ಅರ್ಧ ರೂಪಾಯಿ. ರಾಗಿ ಬೆಳೆದೇ ಆ ನೆಲವನ್ನು ಕೊಳ್ಳುತ್ತೇನೆಂದು ಹೊರಟವನು, ಒಂದು ವರ್ಷವೂ ಮಳೆ ಕೈಕೊಡದೆ, ಉಳಿದ ಕಾಸಿನಲ್ಲಿ ಒಂದನ್ನೂ ಮುಟ್ಟದೆ ಕೂಡಿಟ್ಟರೂ, ನೂರ ತೊಂಬತ್ತು ವರ್ಷಗಳಿಗೆ ಮಿಕ್ಕಿ ಕಾಯಬೇಕು. ನೀರಾವರಿಯ ನೆಲವಾದರೂ ಗತಿ ಬಹಳ ಭಿನ್ನವಲ್ಲ. ಕಾವೇರಿಯ ನಾಲೆಯ ಕೆಳಗೆ ಎರಡು ಬೆಳೆ ಬತ್ತ ತೆಗೆದು, ಒಂದೊಂದರಲ್ಲಿಯೂ ಎಕರೆಗೆ ಇಪ್ಪತ್ತೆರಡು ಕ್ವಿಂಟಲ್ ಬಂದು, ಅದೇ ಸಾಲಿನ 2,369 ರೂಪಾಯಿಯ ಬೆಂಬಲ ಬೆಲೆಯೂ ದೊರಕಿದರೆ, ಅದೇ ಕ್ರಮದಲ್ಲಿ ಎಣಿಸಿದಾಗ ವರ್ಷಕ್ಕೆ ಉಳಿಯುವುದು ಸುಮಾರು 34,700 ರೂಪಾಯಿ. ಆ ಉತ್ಪತ್ತಿಯ ಮೇಲೆ ಕಟ್ಟಿದ ಕ್ರಯವು ಎಕರೆಗೆ ಆರು ಲಕ್ಷವನ್ನೂ ಮುಟ್ಟದು.

ಹೀಗಾದುದಕ್ಕೆ ಕಾರಣವೇನು? ನೆಲದ ಬಾಡಿಗೆಯು ಧಾನ್ಯದ ಬೆಲೆಯ ಫಲವೇ ಹೊರತು ಅದರ ಕಾರಣವಲ್ಲವೆಂದು ಡೇವಿಡ್ ರಿಕಾರ್ಡೋ 1817ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಾದಿಸಿದನು. ಆತನ ಇಂಗ್ಲೆಂಡಿನಲ್ಲಿ ನೆಲದ ಮೇಲಿನ ಆಶೆಯು ಬಹುಮಟ್ಟಿಗೆ ಫಸಲಿನ ಮೇಲಿನ ಆಶೆಯೇ ಆಗಿತ್ತು. ನಮ್ಮಲ್ಲಿಯಾದರೋ ಹೊಲವನ್ನು ಕೊಳ್ಳಬರುವವನ ದೃಷ್ಟಿಯು ತೆನೆಯ ಮೇಲಿಲ್ಲ. ಮುಂದೆ ಬರಲಿರುವ ರಸ್ತೆಯ ಮೇಲಿದೆ, ಭೂಪರಿವರ್ತನೆಯಾದ ಬಳಿಕ ಗುಂಟೆಯ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬರುವ ದಿನದ ಮೇಲಿದೆ. ಇದಕ್ಕೆ ತೆರಿಗೆಯ ಶಾಸನವೂ ಒತ್ತಾಸೆ ಕೊಟ್ಟಿದೆ. ಕೃಷಿಯ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಪಟ್ಟಣದ ಎಲ್ಲೆಯಿಂದ ಗೊತ್ತಾದ ದೂರದಾಚೆಗಿರುವ ಹೊಲವನ್ನು ಮಾರಿ ಪಡೆದ ಲಾಭವು ಬಂಡವಾಳದ ಲಾಭವೆಂದು ಗಣನೆಗೆ ಬರುವುದಿಲ್ಲ. ಪಟ್ಟಣದ ಅಂಚಿನ ಹೊಲವನ್ನು ಮಾರಿದವನು ಎರಡು ವರ್ಷದೊಳಗೆ ಬೇರೆಡೆಯಲ್ಲಿ ಹೊಲ ಕೊಂಡರೆ ಆತನಿಗೂ ವಿನಾಯಿತಿಯುಂಟು. ಈ ಕೊನೆಯ ವಿನಾಯಿತಿಯನ್ನು ರೈತನು ರೈತನಾಗಿಯೇ ಉಳಿಯಲೆಂಬ ಸದುದ್ದೇಶದಿಂದ ಕೊಟ್ಟಿರಬೇಕು. ಆದರೆ ನಗರದ ಅಂಚಿನಲ್ಲಿ ಕೋಟಿಯ ಲೆಕ್ಕದಲ್ಲಿ ಹಣ ಪಡೆದವನು ಅದನ್ನು ಹೊತ್ತು ದೂರದ ತಾಲ್ಲೂಕಿಗೆ ಹೋದಾಗ, ಅಲ್ಲಿಯ ಬೆಲೆಯೂ ಅಲ್ಲಿಯ ಬೆಳೆಗೆ ಸಂಬಂಧವಿಲ್ಲದಂತೆ ಏರುತ್ತದೆ. ಬೇಸಾಯಗಾರನಲ್ಲದವನು ಹೊಲ ಕೊಳ್ಳಬಾರದೆಂಬ ನಿರ್ಬಂಧವನ್ನಿಟ್ಟಿದ್ದ ಭೂಸುಧಾರಣಾ ಶಾಸನದ 79-ಎ, 79-ಬಿ ಕಲಮುಗಳನ್ನು 2020ರ ತಿದ್ದುಪಡಿಯು ತೆಗೆದುಹಾಕಿದ ಮೇಲಂತೂ ಇದ್ದ ಬೇಲಿಯೂ ಹೋಯಿತು. ಆ ಬೇಲಿಯಲ್ಲಿ ಕಿಂಡಿಗಳು ಬಹಳವಿದ್ದುವೆಂಬುದು ನಿಜ. ಕಿಂಡಿಯನ್ನು ಮುಚ್ಚುವುದಕ್ಕೆ ಬದಲಾಗಿ ಬೇಲಿಯನ್ನೇ ಕಿತ್ತದ್ದನ್ನು ನಾನು ಸರಿಯೆಂದು ಒಪ್ಪಲಾರೆ.

ಬೆಲೆ ಏರಿದರೆ ರೈತನಿಗೇ ಲಾಭವಲ್ಲವೆ ಎಂದು ಕೇಳುವವರುಂಟು. ಮಾರುವವನಿಗೆ ಲಾಭ, ಸಂದೇಹವಿಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಅರ್ಧ ಎಕರೆಯನ್ನು ಮಾರಿ ಮಾನ ಉಳಿಸಿಕೊಂಡ ಕುಟುಂಬಗಳು ಪ್ರತಿಯೊಂದು ಊರಿನಲ್ಲಿಯೂ ಇವೆ, ಅವರ ಪಾಲಿಗೆ ಆ ಬೆಲೆಯೇ ಆಪದ್ಧನ. ಆದರೆ ಉಳುತ್ತಲೇ ಇರಬೇಕೆಂದು ನಿಶ್ಚಯಿಸಿದವನ ಮನೆಯೊಳಗೆ ಈ ಬೆಲೆಯು ಏನು ಮಾಡುತ್ತದೆಂಬುದನ್ನು ನೋಡಬೇಕು. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಹಿಡುವಳಿಯ ಸರಾಸರಿ ವಿಸ್ತಾರ 1.36 ಹೆಕ್ಟೇರು, ಎಂದರೆ ಮೂರು ಎಕರೆಗಿಂತ ಸ್ವಲ್ಪ ಹೆಚ್ಚು. ಅಷ್ಟು ನೆಲವುಳ್ಳ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. ಹಿರಿಯವನು ಊರಲ್ಲಿ ನಿಂತು ತಂದೆಯೊಡನೆ ಹೊಲ ನೋಡಿಕೊಂಡನು, ಕಿರಿಯವನು ನಗರಕ್ಕೆ ಹೋದನು, ತಂಗಿ ಗಂಡನ ಮನೆ ಸೇರಿದಳು. ಹೆಣ್ಣುಮಕ್ಕಳಿಗೂ ಸಮಪಾಲೆಂದು ಶಾಸನವು ಹೇಳುತ್ತದೆ, ಹಾಗೆಯೇ ಇರತಕ್ಕದ್ದು. ತಂದೆ ತೀರಿಕೊಂಡ ಬಳಿಕ ಪಾಲಿನ ಮಾತು ಬಂದಾಗ, ತಮ್ಮನೂ ತಂಗಿಯೂ ಕೇಳುವುದು ಸಹಜವಾಗಿಯೇ ಪೇಟೆಯ ಬೆಲೆಯನ್ನು. ಅಣ್ಣನು ಕೊಡಬಲ್ಲದ್ದು ರಾಗಿಯ ಬೆಲೆಯನ್ನು. ಎರಡು ಕಡೆಯ ಮಾತಿನಲ್ಲಿಯೂ ಅನ್ಯಾಯವಿಲ್ಲ. ಆದರೂ ಹೊಲವು ಮಾರಾಟವಾಗುತ್ತದೆ, ಅಥವಾ ಮೊಕದ್ದಮೆಗೆ ಬಿದ್ದು ಬೀಳುಬೀಳುತ್ತದೆ. ಮೂರು ಎಕರೆಯಲ್ಲಿ ಎರಡು ಎಕರೆಯ ಕ್ರಯವನ್ನು ಒಡಹುಟ್ಟಿದವರಿಗೆ ತೆತ್ತು ಹೊಲವನ್ನು ಉಳಿಸಿಕೊಳ್ಳುವ ಶಕ್ತಿ ಯಾವ ಬೆಳೆಯಿಂದ ಬಂದೀತು? ಬೇಸಾಯದಲ್ಲಿ ನಿಂತವನನ್ನು ಬರಗಾಲಕ್ಕಿಂತಲೂ ಹೆಚ್ಚು ನಿಶ್ಚಿತವಾಗಿ ನೆಲದಿಂದ ಎಬ್ಬಿಸುತ್ತಿರುವುದು ಅವನ ನೆಲದ ಬೆಲೆಯೇ ಎಂದು ನನಗೆ ತೋರುತ್ತದೆ.

ಬೆಲೆಯನ್ನು ಬೇಡವೆಂದವರೂ ಇದ್ದಾರೆ. 2008ರಲ್ಲಿ ವಿಮಾನ ನಿಲ್ದಾಣವು ತೆರೆದಂದಿನಿಂದ ನೆಲದ ಬೆಲೆಯು ಗಗನಕ್ಕೇರಿದ ದೇವನಹಳ್ಳಿ ತಾಲ್ಲೂಕಿನಲ್ಲಿ, ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರ್ಕಾರವು ಹೊರಟಾಗ, ಅಲ್ಲಿಯ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು, 2025ರ ಜುಲೈಯಲ್ಲಿ ಆ ಯತ್ನವನ್ನು ಕೈಬಿಟ್ಟೆವೆಂಬ ಘೋಷಣೆಯನ್ನು ಮುಖ್ಯಮಂತ್ರಿಗಳಿಂದ ಪಡೆದರು. ದ್ರಾಕ್ಷಿ, ಹೂವು, ತರಕಾರಿ, ಹಿಪ್ಪುನೇರಳೆಗಳಿಂದ ತಿಂಗಳು ತಿಂಗಳೂ ಕೈಗೆ ಕಾಸು ಬರುವ ನೆಲವದು. ಒಮ್ಮೆ ಬಂದು ಹೋಗುವ ಹಣಕ್ಕೂ ವರ್ಷ ವರ್ಷ ಹುಟ್ಟುವ ಹಣಕ್ಕೂ ಇರುವ ಅಂತರವನ್ನು ಅವರು ಅರ್ಥಶಾಸ್ತ್ರವನ್ನೋದದೆಯೇ ಬಲ್ಲರು.

ಇನ್ನು ಗುತ್ತಿಗೆಯ ವಿಚಾರ. ನೆಲದ ನಿಜವಾದ ಯೋಗ್ಯತೆಯನ್ನು ತಿಳಿಯಬೇಕಾದವನು ಕ್ರಯಪತ್ರವನ್ನಲ್ಲ, ಗುತ್ತಿಗೆಯ ಮಾತನ್ನು ಕೇಳಬೇಕು. ಕೊಳ್ಳುವವನು ಕನಸಿಗೆ ಹಣ ಕೊಟ್ಟಾನು. ಒಂದು ವರ್ಷದ ಮಟ್ಟಿಗೆ ಹೊಲ ಹಿಡಿಯುವವನು ಆ ವರ್ಷದ ಬೆಳೆಗೆ ಮಾತ್ರ ಕೊಡಬಲ್ಲನು. ಆದಕಾರಣ ಕ್ರಯವು ಎಷ್ಟೇ ಏರಿದರೂ ಒಣಬೇಸಾಯದ ಗುತ್ತಿಗೆಯು ಅದರ ಹಿಂದೆ ಓಡುವುದಿಲ್ಲ. ಅಮೆರಿಕದ ಅಯೋವಾ ಸೀಮೆಯಲ್ಲಿ ಮೆಕ್ಕೆಜೋಳದ ಹೊಲದ ವರ್ಷದ ಗುತ್ತಿಗೆಯು ಅದರ ಕ್ರಯದ ನೂರಕ್ಕೆ ಸುಮಾರು ಎರಡೂವರೆಯಷ್ಟಿರುವುದನ್ನೇ ಅಲ್ಲಿಯವರು ಕಡಿಮೆಯೆಂದು ಹೇಳಿಕೊಳ್ಳುತ್ತಾರೆ. ನಮ್ಮ ನಗರಗಳ ಸುತ್ತಿನ ಹೊಲಗಳಲ್ಲಿ ಅದು ಒಂದನ್ನೂ ಮುಟ್ಟದು.

ಹಾಗೆಂದು ಗುತ್ತಿಗೆ ಹಿಡಿದವನ ಪಾಲಿಗೆ ಅದು ಹಗುರವೆಂದು ತಿಳಿಯಲಾಗದು. ಮೇಲಿನ ಎಂಟು ಕ್ವಿಂಟಲ್ ರಾಗಿಯನ್ನೇ ಸರಿಪಾಲಿನ ಕೋರಿಗೆ ಬೆಳೆದು, ಖರ್ಚೆಲ್ಲವೂ ಉಳುವವನದೇ ಆದರೆ, ಅವನ ಪಾಲಿಗೆ ಬರುವುದು 19,544 ರೂಪಾಯಿ, ಮೈದುಡಿಮೆಯೂ ಸೇರಿದ ಖರ್ಚು ಸುಮಾರು 26,000. ಎಂದರೆ ಆರೂವರೆ ಸಾವಿರದಷ್ಟು ಕೂಲಿಯನ್ನು ಅವನು ತಾನೇ ಬಿಟ್ಟುಕೊಟ್ಟು ದುಡಿದಂತಾಯಿತು. ಬೆಂಬಲ ಬೆಲೆಯನ್ನು ಎಣಿಸುವ ಕ್ರಮವೂ ಅವನ ನೆರವಿಗೆ ಬರುವುದಿಲ್ಲ. ಗುತ್ತಿಗೆಯಾಗಿ ತೆತ್ತ ಹಣವು ಖರ್ಚಿನಲ್ಲಿ ಸೇರುವುದಾದರೂ, ಸ್ವಂತ ನೆಲದವರೇ ಬಹುಮಂದಿಯಿರುವ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಸ್ವಂತ ನೆಲದ ಬಾಡಿಗೆಯನ್ನಂತೂ ಆ ಲೆಕ್ಕವು ಸೇರಿಸಿಕೊಳ್ಳುವುದೇ ಇಲ್ಲ. ಶುಂಠಿಯ ಕಥೆ ಬೇರೆ. ಮಲೆನಾಡಿನಲ್ಲಿಯೂ ಮೈಸೂರು, ಹಾಸನದ ಕಡೆಯಲ್ಲಿಯೂ ಕೇರಳದಿಂದ ಬಂದ ಬೆಳೆಗಾರರು ರಾಗಿ ಬತ್ತಗಳ ಗುತ್ತಿಗೆಗಿಂತ ಹಲವು ಮಡಿ ಹಣವನ್ನು ಮುಂಗಡವಾಗಿಯೇ ಎಣಿಸಿ ಹೊಲ ಹಿಡಿಯುತ್ತಾರೆ. ಕೊಳೆರೋಗದ ಭಯದಿಂದ ಮರುವರ್ಷ ಅದೇ ಮಣ್ಣಿನಲ್ಲಿ ಶುಂಠಿ ಹಾಕಲಾಗದೆ ಮುಂದಿನ ಊರಿಗೆ ಹೋಗುತ್ತಾರೆ. ಔಷಧ ಗೊಬ್ಬರಗಳಿಂದ ದಣಿದ ಮಣ್ಣು ಒಡೆಯನಿಗೆ ಉಳಿಯುತ್ತದೆ.

ಈ ಗುತ್ತಿಗೆಗಳಲ್ಲಿ ಹೆಚ್ಚಿನ ಭಾಗವು ಕಾಗದವಿಲ್ಲದೆ, ಬಾಯಿಮಾತಿನಲ್ಲಿ ನಡೆಯುತ್ತದೆ. ಅದಕ್ಕೆ ಇತಿಹಾಸವೇ ಕಾರಣ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಬತ್ತವನ್ನು ಅಳೆಯುವ ಕೊಳಗದ ಗಾತ್ರದ ವಿಚಾರವಾಗಿ ಎದ್ದ ರೈತರ ಸತ್ಯಾಗ್ರಹವು, ಶಾಂತವೇರಿ ಗೋಪಾಲಗೌಡರಂಥವರ ಮುಖಂಡತ್ವದಲ್ಲಿ ನಾಡಿನ ಮನಸ್ಸನ್ನು ಕಲಕಿತು. ಒಡೆಯನು ಬೇಕೆಂದಾಗ ಬಿಡಿಸಬಹುದಾಗಿದ್ದ ಕರಾವಳಿಯ ಚಾಲಗೇಣಿಯ ಒಕ್ಕಲುಗಳ ಅನುಭವವೂ ಅಷ್ಟೇ ಕಹಿಯಾದುದು. ದೇವರಾಜ ಅರಸರ ಸರ್ಕಾರವು ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿಯ ನೆಲವೆಲ್ಲವೂ ಸರ್ಕಾರಕ್ಕೆ ಸೇರಿ, ಏಳನೆಯ ನಮೂನೆಯ ಅರ್ಜಿ ಕೊಟ್ಟ ಗೇಣಿದಾರನು ಭೂನ್ಯಾಯಮಂಡಲಿಯ ಮುಂದೆ ಒಡೆತನವನ್ನು ಪಡೆದನು. ಅಷ್ಟು ದೊಡ್ಡ ಸಾಮಾಜಿಕ ನ್ಯಾಯವು ಈ ನಾಡಿನಲ್ಲಿ ಶಾಸನದ ಮೂಲಕ ನಡೆದ ಉದಾಹರಣೆಗಳು ವಿರಳ. ಆದರೆ ಸೈನಿಕರೇ ಮೊದಲಾದ ಕೆಲವರ ಹೊರತು ಮತ್ತಾರೂ ಹೊಲವನ್ನು ಗುತ್ತಿಗೆ ಕೊಡಕೂಡದೆಂಬ ಆ ಶಾಸನದ ನಿಷೇಧವು, ಗುತ್ತಿಗೆಯನ್ನು ನಿಲ್ಲಿಸಲಿಲ್ಲ, ಮರೆಮಾಡಿತು. ಒಡೆಯನು ದೇವರಾಜ ಅರಸರ ಕಾಲದ ನೆನಪಿನಿಂದ ಹೆದರಿ, ಒಬ್ಬನಿಗೇ ಮೂರು ವರ್ಷ ಬಿಡುವುದಿಲ್ಲ. ಹಿಡಿದವನು, ಬರುವ ವರ್ಷ ತನ್ನದಲ್ಲದ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹೊಡೆಸುವುದಿಲ್ಲ, ಒಡೆದ ಬದುವನ್ನು ಕಟ್ಟುವುದಿಲ್ಲ. ಪಹಣಿಯಲ್ಲಿ ಅವನ ಹೆಸರಿಲ್ಲ. ಆದ್ದರಿಂದ ಸೊಸೈಟಿಯ ಬೆಳೆಸಾಲವಿಲ್ಲ, ಬರ ಬಂದರೆ ಪರಿಹಾರ ಒಡೆಯನ ಖಾತೆಗೆ, ಖರೀದಿ ಕೇಂದ್ರದಲ್ಲಿ ರಾಗಿ ಮಾರಬೇಕಾದರೂ ಒಡೆಯನ ಹೆಸರಿನ ನೋಂದಣಿಯೇ ಬೇಕು. ಬೆಳೆದವನು ತಾನೇ ಬೆಳೆದ ರಾಗಿಯ ಹಣಕ್ಕಾಗಿ ಇನ್ನೊಬ್ಬನ ದಾಕ್ಷಿಣ್ಯಕ್ಕೆ ಕಾಯುತ್ತಾನೆ.

ಒಡೆಯನ ಹಕ್ಕಿಗೆ ಚ್ಯುತಿಯಿಲ್ಲದೆ ಗುತ್ತಿಗೆಯನ್ನು ಬರಹಕ್ಕೆ ತಂದು, ಹಿಡಿದವನಿಗೆ ಸಾಲವೂ ವಿಮೆಯೂ ದೊರೆಯುವಂತೆ ಮಾಡುವ ಮಾದರಿ ಮಸೂದೆಯೊಂದನ್ನು ಟಿ. ಹಕ್ ಅವರ ಸಮಿತಿಯ ಮೂಲಕ ನೀತಿ ಆಯೋಗವು 2016ರಲ್ಲಿಯೇ ರಾಜ್ಯಗಳ ಮುಂದಿಟ್ಟಿತು. ಆ ದಾರಿಯನ್ನು ನಾವೂ ಹಿಡಿಯಬೇಕು. ಆದರೆ ಸಾವಿರ ಎಕರೆಯನ್ನು ಒಟ್ಟಿಗೆ ಹಿಡಿಯಬಲ್ಲ ಬಂಡವಾಳಕ್ಕಲ್ಲ, ಊರಿನಲ್ಲಿದ್ದು ತಾನೇ ಉಳುವವನಿಗೆ ಮಾತ್ರ ಆ ಅನುಕೂಲವು ಸಲ್ಲತಕ್ಕದ್ದು, ವಿಸ್ತಾರಕ್ಕೂ ಒಂದು ಮಿತಿಯಿರತಕ್ಕದ್ದು. ಐದು ವರ್ಷದ ಬರಹವಿದ್ದರೆ ಗೊಬ್ಬರ ಹೊಡೆಸುವ ಧೈರ್ಯ ಅವನಿಗೆ ಬಂದೀತು; ನಗರದಲ್ಲಿರುವ ತಮ್ಮನೂ ಗಂಡನ ಮನೆಯಲ್ಲಿರುವ ತಂಗಿಯೂ ಪಾಲನ್ನು ಮಾರದೆ ಅಣ್ಣನಿಗೇ ನಿರ್ಭಯವಾಗಿ ಗುತ್ತಿಗೆಗೆ ಬಿಟ್ಟಾರು. ಪ್ರತಿಯೊಂದು ಗ್ರಾಮದ ನೆಲದ ಮಾರ್ಗಸೂಚಿ ಬೆಲೆಯನ್ನು ನೋಂದಣಿ ಇಲಾಖೆಯು ಈಗಾಗಲೇ ಪ್ರಕಟಿಸುತ್ತಿದೆ. ಗುತ್ತಿಗೆಯು ಬರಹಕ್ಕೆ ಬಂದ ಮೇಲೆ ಆ ಪಟ್ಟಿಯಲ್ಲಿಯೇ ಪಕ್ಕಕ್ಕೆ ಇನ್ನೊಂದು ಕಾಲಮನ್ನು ಎಳೆದು, ಒಣಬೇಸಾಯ, ನೀರಾವರಿ, ತೋಟವೆಂದು ವಿಂಗಡಿಸಿ, ಆಯಾ ಗ್ರಾಮದ ವರ್ಷದ ಗುತ್ತಿಗೆಯ ದರವನ್ನೂ ಕಡ್ಡಾಯವಾಗಿ ಮುದ್ರಿಸಬೇಕು.