ಸುಕ್ಕಿಗೆ ಬೊಟಾಕ್ಸ್: ಅದು ವಿಷವೇ?

ಪ್ರಶ್ನೆ: ಮುಖದ ಸುಕ್ಕು ಹೋಗಲು ಚುಚ್ಚುವ ಬೊಟಾಕ್ಸ್ ವಿಷ ಅಂತಾರೆ. ನಿಜವೇ?

ಉತ್ತರ: ನಿಜ, ವಿಷವೇ. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆದು ಜೀವ ತೆಗೆಯಬಲ್ಲ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ವಿಷ. ಆದರೆ ಚುಚ್ಚುವುದು ಅತ್ಯಲ್ಪ ಪ್ರಮಾಣ.

ಕನ್ನಡಿ ಮುಂದೆ ನಿಂತು ಹುಬ್ಬು ಗಂಟಿಕ್ಕಿ. ಎರಡು ಹುಬ್ಬಿನ ನಡುವೆ ನೆಟ್ಟಗೆ ಗೆರೆ ಮೂಡುತ್ತದಲ್ಲ, ಅದು ಅಲ್ಲಿನ ಸ್ನಾಯು ಚರ್ಮವನ್ನು ಮಡಚಿದ್ದರಿಂದ ಆದದ್ದು. ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ಈ ಔಷಧ ತಡೆಯುತ್ತದೆ. ಸ್ನಾಯು ಸಡಿಲವಾಗುತ್ತದೆ, ಗೆರೆ ಮಾಸುತ್ತದೆ. ಮುಖ ಅಲುಗಿಸದಿದ್ದರೂ ಕಾಣುವ ಆಳವಾದ ಗೆರೆ ಮಾತ್ರ ಪೂರ್ತಿ ಹೋಗದು.

ಇದು ಮೊದಲು ಮೆಳ್ಳೆಗಣ್ಣಿನ ಔಷಧ. ಕೆನಡಾದ ನೇತ್ರವೈದ್ಯೆ ಜೀನ್ ಕಾರುಥರ್ಸ್, ಕಣ್ಣರೆಪ್ಪೆ ಅದುರುವುದಕ್ಕೆ ಇದನ್ನು ಚುಚ್ಚಿಸಿಕೊಂಡ ರೋಗಿಗಳ ಹಣೆಯ ಗೆರೆಯೂ ಮಾಯವಾದದ್ದನ್ನು ಗಮನಿಸಿದರು. ಚರ್ಮವೈದ್ಯ ಪತಿಯೊಂದಿಗೆ ಸೇರಿ ಅದನ್ನೇ ಮುಂದುವರಿಸಿದರು. 2002ರಲ್ಲಿ ಅಮೆರಿಕ ಹುಬ್ಬಿನ ನಡುವಿನ ಗೆರೆಗೆ ಇದನ್ನು ಬಳಸಲು ಒಪ್ಪಿಗೆ ಕೊಟ್ಟಿತು.

ಪರಿಣಾಮ ಕೆಲವೇ ದಿನಗಳಲ್ಲಿ ಶುರುವಾಗಿ, ಸಾಮಾನ್ಯವಾಗಿ 3–4 ತಿಂಗಳು ಇರುತ್ತದೆ. ಆಮೇಲೆ ಮತ್ತೆ ಚುಚ್ಚಿಸಬೇಕು, ಮತ್ತೆ ಹಣ. ತಲೆನೋವು, ಚುಚ್ಚಿದಲ್ಲಿ ಕಂದುವುದು ಇದ್ದದ್ದೇ. ಔಷಧ ಪಕ್ಕಕ್ಕೆ ಹರಡಿದರೆ ರೆಪ್ಪೆ ಕೆಲವು ವಾರ ಜೋತುಬೀಳಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಯಸ್ತೇನಿಯಾದಂಥ ಸ್ನಾಯುದೌರ್ಬಲ್ಯದವರು ಇದರ ತಂಟೆಗೆ ಹೋಗಬಾರದು.

ದಯವಿಟ್ಟು ಬ್ಯೂಟಿ ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳಬೇಡಿ. ಅರ್ಹ ಚರ್ಮವೈದ್ಯರ ಬಳಿಗೇ ಹೋಗಿ, ಔಷಧದ ಸೀಸೆಯನ್ನು ನಿಮ್ಮೆದುರೇ ತೆರೆಯಲು ಕೇಳಿ. ಆಮೇಲೆ ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.